ಎಡಬದಿಯ ವಿಂಗರ್ ಬೆಂಚಿಗೆ ಸರಿದ ಪ್ರಕರಣ

ಚಿಕ್ಕಮಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಎರಡು ವರ್ಷ ಎಡಬದಿಯ ವಿಂಗರ್ ಆಗಿ, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನಾಗಿ ಆಡಿದ ಹುಡುಗ ಮೂರನೆಯ ವರ್ಷದ ನಡುವೆ ಬೆಂಚಿಗೆ ಹೋದ. ಅವನಿಗೂ ಕೋಚ್‌ಗೂ ಮಾತು ನಿಂತಿತು. ಕ್ಲಬ್ಬಿನ ಅಧ್ಯಕ್ಷರು, ನಾಯಕ, ಹುಡುಗನ ತಂದೆ, ಕೊನೆಗೆ ಮೈದಾನದ ಮೆಟ್ಟಿಲ ಮೇಲೆ ಕುಳಿತು ಪಂದ್ಯ ನೋಡುವವರೂ ಇದರಲ್ಲಿ ಒಂದೊಂದು ಪಕ್ಷ ಹಿಡಿದರು. ಆಗ ಸಮಿತಿಯವರು ನನ್ನನ್ನು ಕರೆದು, ಇಬ್ಬರ ಮಾತನ್ನೂ ಕೇಳಿ ಒಂದು ದಾರಿ ಹುಡುಕಿಕೊಡಿ ಎಂದರು. ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು ನಾನು. ಹುಡುಗ ನನ್ನ ಶಾಲೆಯಲ್ಲಿ ಓದಿದವನು, ಕೋಚ್ ನನಗಿಂತ ಬಹಳ ಕಿರಿಯರು, ಹೀಗಾಗಿ ಇಬ್ಬರೂ ಬಾಯಿ ಬಿಟ್ಟು ಮಾತನಾಡಿದರು. ಎಲ್ಲರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಇಂತಹ ಜಗಳಕ್ಕೆ ನಮ್ಮಲ್ಲಿ ಎರಡೇ ತೀರ್ಪು. ಹುಡುಗನಿಗೆ ಧಿಮಾಕು ಅನ್ನುವುದು ಒಂದು, ಕೋಚ್‌ಗೆ ಹೊಟ್ಟೆಕಿಚ್ಚು ಅನ್ನುವುದು ಇನ್ನೊಂದು. ಈ ಪ್ರಕರಣದಲ್ಲಿ ಎರಡೂ ಸುಳ್ಳು. ಆಟಗಾರನನ್ನು ಬೆಂಚಿಗೆ ಕಳುಹಿಸುವ ಹಕ್ಕು ಕೋಚ್‌ಗೆ ಪೂರ್ತಿಯಾಗಿ ಇದೆ. ಕಾರಣವನ್ನು ಆ ಆಟಗಾರನೊಬ್ಬನಿಗೆ ಹೇಳದೆ ಊರಿಗೆಲ್ಲ ಹೇಳುವ ಹಕ್ಕು ಮಾತ್ರ ಯಾವ ಕೋಚ್‌ಗೂ ಇಲ್ಲ. ಇಲ್ಲಿ ನಡೆದ ಅನಾಹುತವೆಲ್ಲ ಅಲ್ಲಿಂದ ಹುಟ್ಟಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಡುಗನ ಆಟ, ಕೋಚ್‌ನ ಆಟ

ಹುಡುಗನಿಗೆ ಹತ್ತೊಂಬತ್ತು, ಪದವಿ ಎರಡನೆಯ ವರ್ಷ. ತಂದೆ ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಅವನದು ಹುಟ್ಟಾ ಎಡಗಾಲು. ಚೆಂಡು ಸಿಕ್ಕಿದರೆ ಗೆರೆಯನ್ನು ತಬ್ಬಿಕೊಂಡೇ ಓಡುತ್ತಾನೆ, ಎದುರಿನ ಬ್ಯಾಕ್ (ರಕ್ಷಣಾ ಆಟಗಾರ) ಒಂದು ಹೆಜ್ಜೆ ತಡಮಾಡಿದರೆ ಸಾಕು, ಗೋಲ್‌ಲೈನ್ ತನಕ ಹೋಗಿ ಅಲ್ಲಿಂದ ಹಿಂದಕ್ಕೆ ಕ್ರಾಸ್ (ಅಂಚಿನಿಂದ ಗೋಲಿನ ಮುಂದಿರುವವರಿಗೆ ಚೆಂಡು) ಕೊಡುತ್ತಾನೆ. ಹಳೆಯ ಕಾಲದ ವಿಂಗರ್ ಎಂದರೆ ಇದೇ. 1953ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್ 1–3ರ ಹಿನ್ನಡೆಯಿಂದ ಎದ್ದು ಬೋಲ್ಟನ್ ತಂಡವನ್ನು 4–3ರಿಂದ ಸೋಲಿಸಿತು. ಮೂರು ಗೋಲು ಹೊಡೆದವರು ಮಾರ್ಟೆನ್‌ಸನ್. ಆದರೂ ಆ ಪಂದ್ಯ ಇಂದಿಗೂ ಬ್ಲ್ಯಾಕ್‌ಪೂಲ್‌ನ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ಹೆಸರಿನಲ್ಲಿದೆ. ಬಲಬದಿಯ ಗೆರೆಗುಂಟ ಓಡಿ ಕೊನೆಯ ಗೋಲಿಗೆ ಚೆಂಡು ಒದಗಿಸಿದ ಅವರಿಗೆ ಆಗ 38 ವರ್ಷ. ಅಂಚಿನಲ್ಲಿ ಓಡುವವನ ಮೇಲೆ ಪ್ರೇಕ್ಷಕರಿಗೆ ಒಂದು ವಿಶೇಷ ಅಕ್ಕರೆ ಇರುತ್ತದೆ. ಅವನು ಅವರ ಮೂಗಿನ ಕೆಳಗೇ ಆಡುತ್ತಾನಲ್ಲ! ನಮ್ಮ ಹುಡುಗನಿಗೂ ಆ ಅಕ್ಕರೆ ಧಾರಾಳವಾಗಿ ಸಿಕ್ಕಿತ್ತು.

ಹಿಂದಿನ ಕೋಚ್ ತಂಡವನ್ನು 4-4-2 ಮಾದರಿಯಲ್ಲಿ, ಅಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರಂತೆ ಆಡಿಸುತ್ತಿದ್ದರು. ಮುಂದೆ ಎತ್ತರದ ಸ್ಟ್ರೈಕರ್ ಒಬ್ಬನಿದ್ದ. ಎಡದಿಂದ ಕ್ರಾಸ್ ಬರಬೇಕು, ಅವನು ತಲೆ ಕೊಡಬೇಕು, ಅಷ್ಟೇ ಲೆಕ್ಕ. ಆ ಕೋಚ್ ಬೇರೆ ಊರಿಗೆ ವರ್ಗವಾಗಿ ಹೋದರು, ಸ್ಟ್ರೈಕರ್ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಹೊಸ ಕೋಚ್ ಜೂನ್‌ನಲ್ಲಿ ಬಂದರು. ಹಾಸನದವರು, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ತರಬೇತುದಾರರ ಡಿ ಲೈಸೆನ್ಸ್ ಮಾಡಿದವರು, ಓದಿಕೊಂಡವರು, ಶಿಸ್ತಿನವರು. ಮಳೆ ಹಿಡಿದಿದ್ದರಿಂದ ಮೊದಲ ಎರಡು ತಿಂಗಳು ಮೈದಾನಕ್ಕಿಂತ ಹೆಚ್ಚಾಗಿ ಕ್ಲಬ್ಬಿನ ಕೋಣೆಯಲ್ಲಿ, ಕರಿಹಲಗೆಯ ಮುಂದೆಯೇ ಪಾಠ ನಡೆಯಿತು.

ಅವರ ಮಾದರಿ 4-3-3. ಚೆಂಡು ಕಳೆದುಕೊಂಡ ಕ್ಷಣದಲ್ಲಿಯೇ ಮುಂದಿನ ಮೂವರು ಎದುರಾಳಿಯ ಮೇಲೆ ಬೀಳಬೇಕು. ಅದು ಫಲಿಸದಿದ್ದರೆ ವಿಂಗರ್ ತನ್ನ ಬದಿಯಲ್ಲಿ ಮೇಲೇರಿ ಬರುವ ಎದುರಾಳಿ ಬ್ಯಾಕ್‌ನ ಬೆನ್ನು ಹತ್ತಿ ತನ್ನ ಪೆನಾಲ್ಟಿ ಆವರಣದ ತನಕ ಬರಬೇಕು. ಚೆಂಡು ತಮ್ಮಲ್ಲಿದ್ದಾಗ ಗೆರೆ ಬಿಟ್ಟು ಒಳಗೆ ತಿರುಗಬೇಕು, ಅಂಚಿನ ಓಟ ಬ್ಯಾಕ್‌ಗೆ ಬಿಟ್ಟದ್ದು. ಬಾಯರ್ನ್‌ ಮ್ಯೂನಿಕ್‌ನಲ್ಲಿ ಎಡಗಾಲಿನ ಆರ್ಯೆನ್ ರಾಬೆನ್ ಬಲಬದಿಯಲ್ಲಿ ನಿಂತು ಒಳಕ್ಕೆ ತಿರುಗಿ ಹೊಡೆಯುತ್ತಿದ್ದುದನ್ನು ನೋಡಿದವರಿಗೆ ಇದು ಗೊತ್ತು. ಇಂದಿನ ಫುಟ್‌ಬಾಲ್ ಹೆಚ್ಚಾಗಿ ಇದನ್ನೇ ಕೇಳುತ್ತದೆ. ಎಡಬದಿಯಲ್ಲಿ ಒಳಕ್ಕೆ ತಿರುಗಿ ಹೊಡೆಯುವುದು ಬಲಗಾಲಿನವನಿಗೆ ಸಲೀಸು. ನಮ್ಮ ಹುಡುಗ ಒಳಗೆ ತಿರುಗಿದರೆ ಚೆಂಡು ಅವನ ಬಲಗಾಲಿಗೆ ಬರುತ್ತದೆ, ಆ ಕಾಲಿಗೆ ಪಳಗಿದ ಹೊಡೆತವಿಲ್ಲ. ಕೋಚ್ ಬದಲಾದ ದಿನವೇ ಅವನಿಗೆ ಗೊತ್ತಿದ್ದ ಕೆಲಸ ತಂಡದಲ್ಲಿ ಇಲ್ಲವಾಯಿತು, ಅವನಿಗೆ ಗೊತ್ತಿಲ್ಲದ ಕೆಲಸ ಅವನ ಹೆಸರಿಗೆ ಬಂತು. ಸೆಪ್ಟೆಂಬರ್ ತನಕ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಎದುರಿನ ತಂಡಗಳು ದುರ್ಬಲವಾಗಿದ್ದವು.

ಹಾಸನದ ಪಂದ್ಯ

ಸೆಪ್ಟೆಂಬರ್ ಕೊನೆಗೆ ಹಾಸನದಲ್ಲಿ ಒಂದು ಸ್ನೇಹ ಪಂದ್ಯ. 1–3ರಿಂದ ಸೋತರು. ಎರಡು ಗೋಲು ಎಡಬದಿಯಿಂದಲೇ ಬಂದವು. ಮಧ್ಯಂತರದಲ್ಲಿ ಕೋಚ್ ಹುಡುಗನನ್ನು ಹೊರಗೆ ಕರೆದರು. ಅಲ್ಲಿಯ ತನಕ ಎಲ್ಲವೂ ಸಹಜ. ಹಿಂದಿರುಗುವಾಗ ಬೇಲೂರಿನಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದರು. ಎಲ್ಲರೂ ಸುತ್ತ ನಿಂತಿದ್ದಾಗ ಕೋಚ್, “ಮೊದಲರ್ಧ ನಾವು ಹತ್ತೇ ಜನ ಆಡಿದೆವು” ಎಂದರು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಬ್ಬರು ಮೂವರು ನಕ್ಕರು. ನಕ್ಕವರಲ್ಲಿ ಲೆಫ್ಟ್ ಬ್ಯಾಕ್ ಕೂಡ ಇದ್ದ. ಹುಡುಗ ಲೋಟ ಅಲ್ಲಿಯೇ ಇಟ್ಟು ಗಾಡಿಯಲ್ಲಿ ಹೋಗಿ ಕುಳಿತ.

ಆ ರಾತ್ರಿ ಅವನ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಒಂದು ಸಾಲು ಬಂತು: “ದುಡಿದವನಿಗೆ ಬೈಗುಳ, ಹೊಗಳಿದವನಿಗೆ ಜಾಗ.” ಕೋಚ್‌ನ ನಂಬರ್ ಅವನ ಫೋನಿನಲ್ಲಿ ಇದ್ದರೂ ಸ್ಟೇಟಸ್ ಅವರಿಗೆ ಕಾಣದಂತೆ ಮಾಡಿದ್ದ. ಬೆಳಗಾಗುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದರ ಚಿತ್ರ ತೆಗೆದು ಕೋಚ್‌ಗೆ ಕಳುಹಿಸಿದ್ದರು.

ಮುಂದಿನ ಅಭ್ಯಾಸದ ದಿನ ಕೋಚ್ ಒಂದು ಮಾತೂ ಆಡಲಿಲ್ಲ. ಅಭ್ಯಾಸಕ್ಕೆ ಮುನ್ನ ಬಿಬ್ (ಗುಂಪು ಗುರುತಿಸಲು ಮೇಲೆ ಹಾಕುವ ತೋಳಿಲ್ಲದ ಅಂಗಿ) ಹಂಚುವುದು ಅವರ ಪದ್ಧತಿ. ಕಿತ್ತಳೆ ಬಣ್ಣದ್ದು ಮೊದಲ ತಂಡಕ್ಕೆ, ಹಸಿರು ಉಳಿದವರಿಗೆ. ಒಬ್ಬೊಬ್ಬರ ಹೆಸರು ಕರೆದು ಕೈಗೆ ಕೊಡುತ್ತಾರೆ. ಆ ದಿನ ಕಿತ್ತಳೆ ಹನ್ನೊಂದೂ ಮುಗಿದವು. ಹಸಿರು ಬಿಬ್‌ಗಳ ಚೀಲವನ್ನು ನೆಲದ ಮೇಲಿಟ್ಟು, “ಉಳಿದವರು ತೆಗೆದುಕೊಳ್ಳಿ” ಎಂದು ಹೇಳಿ ಬೆನ್ನು ತಿರುಗಿಸಿ ಕೋನ್ ಇಡಲು ಹೋದರು. ಹುಡುಗ ಚೀಲಕ್ಕೆ ಬಾಗಿ ತೆಗೆದುಕೊಂಡು ಹಾಕಿಕೊಂಡ. ಬಿಬ್ ಅವನಿಗೆ ಬಿಗಿಯಾಗಿತ್ತಂತೆ, ಬದಲಾಯಿಸಿ ಎಂದು ಕೇಳಲಿಲ್ಲವಂತೆ. ಇದನ್ನು ನನಗೆ ಹೇಳುವಾಗ ಅವನು ಭುಜವನ್ನು ಮುಟ್ಟಿ ತೋರಿಸಿದ. ತಿಂಗಳುಗಳು ಕಳೆದಿದ್ದರೂ ಆ ಬಿಗಿತ ಅವನಿಗೆ ನೆನಪಿತ್ತು. ಕೋಚ್‌ಗೆ ಇದಾವುದೂ ನೆನಪಿರಲಿಲ್ಲ. “ಬೇಕೆಂದೇ ಮಾಡಿದ್ದಲ್ಲ” ಎಂದರು. ನಾನು ಅವರನ್ನು ನಂಬುತ್ತೇನೆ.

ಮ್ಯಾಂಚೆಸ್ಟರ್‌ನಲ್ಲಿ ನಡೆದದ್ದೂ ಇದೇ

ಫುಟ್‌ಬಾಲ್ ನೋಡುವವರಿಗೆ ಇಂಗ್ಲೆಂಡಿನ ವಿಂಗರ್ ಜೇಡನ್ ಸ್ಯಾಂಚೊ ಕಥೆ ನೆನಪಾಗಿರಬೇಕು. 2021ರಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು 7.3 ಕೋಟಿ ಪೌಂಡ್ ಕೊಟ್ಟು ತಂದಿತು. 2022ರ ಕೊನೆಯಲ್ಲಿ ಅವರ ಆಟ ಕುಗ್ಗಿದಾಗ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ತಂಡದಿಂದ ಬಿಡಿಸಿ, ನೆದರ್ಲೆಂಡ್ಸ್‌ನಲ್ಲಿ ಪ್ರತ್ಯೇಕ ತರಬೇತಿಗೆ ವ್ಯವಸ್ಥೆ ಮಾಡಿದ್ದರು. ಅಷ್ಟು ಕಾಳಜಿ ಮಾಡಿದ್ದ ಮನುಷ್ಯ 2023ರ ಸೆಪ್ಟೆಂಬರ್ 3ರಂದು ಆರ್ಸೆನಲ್ ವಿರುದ್ಧ 1–3ರಿಂದ ಸೋತ ಮೇಲೆ, ಸ್ಯಾಂಚೊ ಏಕೆ ತಂಡದಲ್ಲಿ ಇರಲಿಲ್ಲ ಎಂದು ಪತ್ರಕರ್ತರು ಕೇಳಿದಾಗ, ಅಭ್ಯಾಸದಲ್ಲಿ ಅವರ ಮಟ್ಟ ಸಾಲದಾಗಿತ್ತು ಎಂದುಬಿಟ್ಟರು. ಅದು ನಿಜವಲ್ಲ, ನನ್ನನ್ನು ಬಹಳ ಕಾಲದಿಂದ ಬಲಿಪಶು ಮಾಡಲಾಗುತ್ತಿದೆ ಎಂದು ಸ್ಯಾಂಚೊ ಕೆಲವೇ ಗಂಟೆಗಳಲ್ಲಿ ಸಾಮಾಜಿಕ ಜಾಲತಾಣದಲ್ಲಿ ಬರೆದರು. ಅಲ್ಲಿಗೆ ಮುಗಿಯಿತು. ಮೊದಲ ತಂಡದ ಅಭ್ಯಾಸವಷ್ಟೇ ಅಲ್ಲ, ಆ ತಂಡದ ಸೌಲಭ್ಯಗಳೂ ಅವರಿಗೆ ಬಂದ್ ಆದವು. 2024ರ ಜನವರಿಯಲ್ಲಿ ಸಾಲದ ಮೇಲೆ, ಅಂದರೆ ಕೆಲವು ಕಾಲಕ್ಕೆ ಎರವಲಾಗಿ, ಡಾರ್ಟ್‌ಮುಂಡ್‌ಗೆ ಹಿಂದಿರುಗಿದ ಅದೇ ಆಟಗಾರ ಜೂನ್ 1ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು. ಟೆನ್ ಹಾಗ್ ಅವರನ್ನು ಯುನೈಟೆಡ್ ಅಕ್ಟೋಬರ್‌ನಲ್ಲಿ ಕೆಲಸದಿಂದ ತೆಗೆಯಿತು. ಇಬ್ಬರಿಗೂ ದಕ್ಕಿದ್ದು ಏನು?

ಈ ಕಥೆಯನ್ನು ಕೋಚ್‌ಗೆ ನೆನಪಿಸಿದಾಗ ಅವರು, “ನಾನು ಪತ್ರಿಕೆಯವರ ಮುಂದೆ ಹೇಳಿಲ್ಲವಲ್ಲ ಮೇಷ್ಟ್ರೇ, ನಮ್ಮ ಹುಡುಗರ ಮುಂದೆ ಹೇಳಿದೆ” ಎಂದರು. ಹತ್ತೊಂಬತ್ತರ ಹುಡುಗನಿಗೆ ಜೊತೆಯವರ ನಗುವಿಗಿಂತ ದೊಡ್ಡ ಪತ್ರಿಕೆ ಯಾವುದಿದೆ? ಸ್ಟೇಟಸ್ ಹಾಕಿದ್ದು ಹುಡುಗನ ತಪ್ಪು, ಅದನ್ನು ಅವನಿಗೆ ನೇರವಾಗಿ ಹೇಳಿದ್ದೇನೆ. ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟರೆ ಬೇಲೂರಿನ ಮಾತೇ ಹೆಚ್ಚು ತೂಗುತ್ತದೆ. ವಯಸ್ಸು, ಸ್ಥಾನ ಎರಡೂ ಕೋಚ್ ಕಡೆಗಿದ್ದವು.

ಕೊಯ್ಲಿನ ಕಾಲ

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತು. ತೋಟದಲ್ಲಿ ಹಣ್ಣು ಕೊಯ್ದವರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ಸಂಜೆ ಎಲ್ಲರ ಚೀಲಗಳನ್ನೂ ತೂಕಕ್ಕೆ ಹಾಕಿ, ಒಬ್ಬೊಬ್ಬರ ಹೆಸರಿನ ಮುಂದೆ ಬರೆಯುವುದು ರೈಟರ್ ಕೆಲಸ. ಆ ವರ್ಷ ತಂದೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ತೂಕದ ಪುಸ್ತಕ ಬರೆಯಲು ಮಗ ನಿಂತ. ತೂಕ ಮುಗಿಸಿ, ಆಲ್ದೂರಿನಿಂದ ಬಸ್ ಹಿಡಿದು ಪೇಟೆಗೆ ಬರುವಷ್ಟರಲ್ಲಿ ಅಭ್ಯಾಸ ಅರ್ಧ ಮುಗಿದಿರುತ್ತಿತ್ತು. ತಡವಾಗಿ ಬಂದವರು ಮೈದಾನಕ್ಕೆ ಐದು ಸುತ್ತು ಓಡಬೇಕೆಂಬುದು ಕೋಚ್‌ನ ನಿಯಮ. ಹುಡುಗ ಬರುತ್ತಿದ್ದ, ತುಟಿಪಿಟಕ್ಕೆನ್ನದೆ ಐದು ಸುತ್ತು ಓಡುತ್ತಿದ್ದ, ಹಸಿರು ಬಿಬ್ ಹಾಕಿಕೊಳ್ಳುತ್ತಿದ್ದ.

ಏಕೆ ತಡ ಎಂದು ಕೋಚ್ ಕೇಳಲಿಲ್ಲ, ಅವನು ಹೇಳಲೂ ಇಲ್ಲ. “ಹೇಳಿದರೆ ನೆಪ ಎನ್ನುತ್ತಾರೆ” ಎಂಬುದು ಅವನ ಮಾತು. “ಕಾರಣ ಇದ್ದವನು ಹೇಳುತ್ತಿದ್ದ, ಇವನದು ಮುನಿಸು” ಎಂಬುದು ಅವರ ಮಾತು. ತೋಟದ ವಿಷಯ ನಾನು ಹೇಳಿದಾಗಲೇ ಕೋಚ್‌ಗೆ ತಿಳಿದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಯ್ಲು ಇಷ್ಟು ದಿನ ಇರುತ್ತದೆಯೇ?” ಎಂದು ಕೇಳಿದರು. ಚಿಕ್ಕಮಗಳೂರಿನಲ್ಲಿ ಫುಟ್‌ಬಾಲ್ ಕಲಿಸುವವರಿಗೆ ಕಾಫಿಯ ಕ್ಯಾಲೆಂಡರ್ ಗೊತ್ತಿರಲೇಬೇಕು. ನಮ್ಮ ಪಂದ್ಯಾವಳಿಗಳೂ ಕೊಯ್ಲೂ ಒಂದೇ ತಿಂಗಳುಗಳಲ್ಲಿ ಬರುತ್ತವೆ.

ಬೆಂಚಿನಿಂದ ಎದ್ದು ಹೊಡೆದ ಗೋಲು

ಡಿಸೆಂಬರ್‌ನಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸ್ ಆಟದ ಮೈದಾನದಲ್ಲಿ ಪಂದ್ಯ. ತಂಡ 1–2ರಿಂದ ಹಿಂದಿತ್ತು. ಕೊನೆಯ ಇಪ್ಪತ್ತು ನಿಮಿಷಕ್ಕೆ ಹುಡುಗನನ್ನು ಇಳಿಸಿದರು. ಒಂದು ಗೋಲು ಹೊಡೆದ, ಇನ್ನೊಂದಕ್ಕೆ ಕ್ರಾಸ್ ಕೊಟ್ಟ, 3–2ರಿಂದ ಗೆದ್ದರು. ಮೆಟ್ಟಿಲ ಮೇಲಿದ್ದವರು ಕುಣಿದರು. ಮುಂದಿನ ವಾರದ ಪಟ್ಟಿಯಲ್ಲಿ ಅವನು ಮತ್ತೆ ಬೆಂಚಿನಲ್ಲಿದ್ದ.

ಊರು ರೊಚ್ಚಿಗೆದ್ದದ್ದು ಆಗ. ಹುಡುಗನೂ ಅಲ್ಲಿಯೇ ಮನಸ್ಸು ಮುರಿದುಕೊಂಡ. ಗೋಲು ಹೊಡೆದರೆ ಎಲ್ಲಕ್ಕೂ ಉತ್ತರ ಕೊಟ್ಟಂತೆ ಎಂದು ಅವನು ತಿಳಿದಿದ್ದ. ಆದರೆ ಕೋಚ್ ಕೇಳುತ್ತಿದ್ದ ಪ್ರಶ್ನೆ ಗೋಲಿನದಲ್ಲ. 2003ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್‌ನ ಡೇವಿಡ್ ಬೆಕಮ್ ಅವರನ್ನು ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಬೆಂಚಿನಲ್ಲಿ ಕೂರಿಸಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಡ್ರೆಸಿಂಗ್ ರೂಮಿನಲ್ಲಿ ಫರ್ಗುಸನ್ ಒದ್ದ ಬೂಟು ಬೆಕಮ್ ಅವರ ಹುಬ್ಬಿನ ಮೇಲೆ ಗಾಯ ಮಾಡಿತ್ತು. ಬದಲಿಯಾಗಿ ಬಂದ ಬೆಕಮ್ ಎರಡು ಗೋಲು ಹೊಡೆದರು, ಯುನೈಟೆಡ್ ಆ ಪಂದ್ಯವನ್ನು 4–3ರಿಂದ ಗೆದ್ದಿತು. ಜೂನ್‌ನಲ್ಲಿ ಅದೇ ಮ್ಯಾಡ್ರಿಡ್‌ಗೆ ಅವರನ್ನು ಮಾರಿದರು. ಮ್ಯಾನೇಜರ್ ಒಬ್ಬನ ಮನಸ್ಸು ಬೇರೆ ಲೆಕ್ಕದ ಮೇಲೆ ನಿಂತಿದ್ದರೆ ಗೋಲುಗಳು ಅದನ್ನು ಕದಲಿಸುವುದಿಲ್ಲ.

ಇಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರು ಕೋಚ್‌ಗೆ ಫೋನ್ ಮಾಡಿ, “ಆ ಹುಡುಗನನ್ನು ಆಡಿಸಿ, ಜನ ಕೇಳುತ್ತಿದ್ದಾರೆ” ಎಂದರು. ಜೆರ್ಸಿ, ಗಾಡಿ, ಊಟ ಎಲ್ಲದರ ಖರ್ಚು ಹೊರುವವರು ಅವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ಫೋನ್ ಬಂದ ಮೇಲೆ ಕೋಚ್‌ಗೆ ಹುಡುಗನನ್ನು ಆಡಿಸಬೇಕೆಂದು ಅನ್ನಿಸಿದರೂ ಆಡಿಸಲಾಗದ ಸ್ಥಿತಿ. ಆಡಿಸಿದರೆ ದುಡ್ಡಿಗೆ ಮಣಿದಂತೆ, ಉಳಿದ ಹದಿನೇಳು ಹುಡುಗರ ಮುಂದೆ ಅವರ ಮಾತಿಗೆ ಬೆಲೆ ಉಳಿಯುವುದಿಲ್ಲ. ಹುಡುಗನ ಪರವಾಗಿ ಮಾತನಾಡಿದವರೆಲ್ಲ ಸೇರಿ ಅವನ ದಾರಿಯನ್ನು ಮುಚ್ಚಿದರು. ಸಣ್ಣ ಊರಿನ ಕ್ಲಬ್ಬುಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ, ನನಗೆ ಬಹಳ ನೋವಾಗುವುದೂ ಇದೇ.

ವಿಡಿಯೊದಲ್ಲಿ ಕಂಡದ್ದು

ಹಾಸನದ ಪಂದ್ಯವನ್ನು ಗೋಲ್‌ಕೀಪರ್‌ನ ಅಣ್ಣ ಮೊಬೈಲಿನಲ್ಲಿ ಹಿಡಿದಿದ್ದರು. ಅದನ್ನು ಹುಡುಗನ ಜೊತೆ ಒಮ್ಮೆ, ಕೋಚ್ ಜೊತೆ ಒಮ್ಮೆ, ಬೇರೆ ಬೇರೆಯಾಗಿ ಕುಳಿತು ನೋಡಿದೆ.

ಮೊದಲ ಗೋಲಿನ ಹೊತ್ತಿಗೆ ಹುಡುಗ ಸೆಂಟರ್ ಲೈನಿನ ಹತ್ತಿರವೇ ನಿಂತಿದ್ದಾನೆ. ನೋಡಿದರೆ ಸಿಟ್ಟು ಬರುತ್ತದೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ನಾಯಕ ಅವನಿಗೆ ಕೈ ಎತ್ತಿ ಅಲ್ಲಿಯೇ ಇರು ಎಂದು ಸನ್ನೆ ಮಾಡುವುದು ಕಾಣುತ್ತದೆ. ಮರುದಾಳಿಗೆ ಒಬ್ಬ ಮೇಲಿರಲಿ ಎಂದು ನಾಯಕನ ಆಲೋಚನೆ. ಕೋಚ್ ಇದನ್ನು ಆ ದಿನ ಗಮನಿಸಿರಲಿಲ್ಲ.

ಎರಡನೆಯ ಗೋಲಿನಲ್ಲಿ ವಿಷಯವಿದೆ. ಎದುರಿನ ರೈಟ್ ಬ್ಯಾಕ್ ಹುಡುಗನ ಬೆನ್ನ ಹಿಂದಿನಿಂದ ಮೇಲೇರುತ್ತಾನೆ. ಹುಡುಗ ಭುಜದ ಮೇಲಿಂದ ಅವನನ್ನು ನೋಡುತ್ತಾನೆ, ಎಂಟು ಹತ್ತು ಹೆಜ್ಜೆ ಜೊತೆಗೆ ಓಡುತ್ತಾನೆ, ಆಮೇಲೆ ಬೆರಳು ಚಾಚಿ ಅವನನ್ನು ತನ್ನ ಲೆಫ್ಟ್ ಬ್ಯಾಕ್‌ಗೆ ತೋರಿಸಿ ವೇಗ ಇಳಿಸುತ್ತಾನೆ. ಲೆಫ್ಟ್ ಬ್ಯಾಕ್ ಎದುರಿನ ವಿಂಗರ್‌ನನ್ನು ಬಿಡುವಂತಿಲ್ಲ. ಓಡಿ ಬಂದವನು ಒಬ್ಬನೇ ಉಳಿದ, ಕ್ರಾಸ್ ಬಂತು, ಗೋಲು. “ನಾನು ಅವನನ್ನು ಒಪ್ಪಿಸಿದೆ” ಎಂದ ಹುಡುಗ. “ಓಡುವುದನ್ನು ನಿಲ್ಲಿಸಿದ” ಎಂದರು ಕೋಚ್. ಒಂದೇ ದೃಶ್ಯ. ಹಳೆಯ ಪದ್ಧತಿಯಲ್ಲಿ ಆ ಜಾಗದಿಂದ ಆಚೆಗೆ ಓಟಗಾರ ಬ್ಯಾಕ್‌ನ ಪಾಲು. ಹೊಸ ಪದ್ಧತಿಯಲ್ಲಿ ಕೊನೆಯ ತನಕ ವಿಂಗರ್ ಪಾಲು. ಆಗಸ್ಟ್‌ನಲ್ಲಿ ಕರಿಹಲಗೆಯ ಮೇಲೆ ಕೋಚ್ ಇದನ್ನು ಬಾಣ ಹಾಕಿ ವಿವರಿಸಿದ್ದರು. ಆ ದಿನ ಹುಡುಗನಿಗೆ ಕಾಲೇಜಿನಲ್ಲಿ ಕಿರು ಪರೀಕ್ಷೆ ಇತ್ತು, ಅವನು ಬಂದಿರಲಿಲ್ಲ. ಲೆಫ್ಟ್ ಬ್ಯಾಕ್ ಬಂದಿದ್ದ, ಅವನಿಗೆ ಗೊತ್ತಿತ್ತು. ಬೇಲೂರಿನಲ್ಲಿ ಅವನು ನಕ್ಕದ್ದು ಅದಕ್ಕೇ ಇರಬೇಕು.

ಹಾಗೆಂದು ಹುಡುಗನ ಕಡೆಗೆ ಎಲ್ಲವೂ ಸರಿ ಎಂದಲ್ಲ. ಊರು ಮೆಚ್ಚಿದ ಡಿಸೆಂಬರ್ ಪಂದ್ಯದ ವಿಡಿಯೊವನ್ನೂ ನೋಡಿದೆ. ಗೋಲಿಗೆ ಮುನ್ನ ಎರಡು ಬಾರಿ ಅವನು ಹಿಂದಕ್ಕೆ ಬರಲೇ ಇಲ್ಲ. ಎರಡನೆಯ ಬಾರಿ ಲೆಫ್ಟ್ ಬ್ಯಾಕ್ ಎದುರಾಳಿಯನ್ನು ಎಳೆದು ಬೀಳಿಸಿ ಹಳದಿ ಕಾರ್ಡ್ ಪಡೆದ. ಅದನ್ನು ತೋರಿಸಿದಾಗ ಹುಡುಗ, “ಅದು ನನ್ನದೇ, ಮೇಷ್ಟ್ರೇ” ಎಂದ.

ಮಾತು

ಕೋಚ್ ನನಗೆ ಹೇಳಿದ ಒಂದು ಮಾತು ಈ ಪ್ರಕರಣದ ತಿರುಳು: “ಅವನು ಆಡುವ ಆಟ ನನಗೆ ಇಷ್ಟ. ಆದರೆ ನಾನು ಕಟ್ಟುತ್ತಿರುವ ತಂಡದಲ್ಲಿ ಆ ಆಟಕ್ಕೆ ಈಗ ಜಾಗವಿಲ್ಲ. ಅವನು ಬೇರೆ ಕೆಲಸ ಕಲಿಯಬೇಕು.” ಎಷ್ಟು ಸ್ಪಷ್ಟವಾದ, ಮರ್ಯಾದೆಯ ಮಾತು! ಇದನ್ನು ಅವರು ಅಧ್ಯಕ್ಷರಿಗೆ ಹೇಳಿದ್ದರು, ನಾಯಕನಿಗೆ ಹೇಳಿದ್ದರು, ನನಗೆ ಹೇಳಿದರು. ಹುಡುಗನಿಗೆ ಮಾತ್ರ ಹೇಳಿರಲಿಲ್ಲ. “ಹೇಳಿದರೆ ಬಿಟ್ಟು ಹೋಗುತ್ತಾನೆಂದು ಸುಮ್ಮನಿದ್ದೆ” ಎಂದರು.

ತಂದೆಯನ್ನೂ ಕಂಡೆ. ಮಗನನ್ನು ಆಡಿಸಿ ಎಂದು ಅವರು ಕೇಳಲಿಲ್ಲ. “ಮೇಷ್ಟ್ರೇ, ಎಷ್ಟು ಕೆ.ಜಿ. ಆಯಿತೆಂದು ನಾವು ಆಳುಗಳಿಗೆ ಆ ಸಂಜೆಯೇ ಹೇಳುತ್ತೇವೆ. ಕಡಿಮೆ ಬಂದಿದ್ದರೂ ಅವರು ಕೇಳಿಕೊಂಡು ಹೋಗುತ್ತಾರೆ. ವಾರದ ಕೊನೆಗೆ ಹೇಳಿದರೆ ತೂಕದ ಮೇಲೆಯೇ ಅನುಮಾನ ಬರುತ್ತದೆ” ಎಂದರು.

ಇಬ್ಬರನ್ನೂ ಒಂದು ಭಾನುವಾರ ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ಕೂರಿಸಿದೆ. ಅಧ್ಯಕ್ಷರು ಬರಬಾರದೆಂದು ಮೊದಲೇ ಕೇಳಿಕೊಂಡಿದ್ದೆ. ಕೋಚ್ ಆ ಮಾತನ್ನು ಹುಡುಗನಿಗೆ ನೇರವಾಗಿ ಹೇಳಿದರು. ಬೇಲೂರಿನಲ್ಲಿ ಹಾಗೆ ಹೇಳಬಾರದಿತ್ತು ಎಂದೂ ಹೇಳಿದರು. ಹುಡುಗ ಸ್ಟೇಟಸ್ಸಿಗೆ ಕ್ಷಮೆ ಕೇಳಿದ. ಆಮೇಲೆ ಅವನು ಕೇಳಿದ ಪ್ರಶ್ನೆ ಒಂದೇ: “ಸರ್, ಯಾವ ಕೆಲಸ ಕಲಿಯಬೇಕು?” ಇದನ್ನು ಸೆಪ್ಟೆಂಬರ್‌ನಲ್ಲಿ ಕೇಳುವ ಅವಕಾಶ ಅವನಿಗೆ ಸಿಕ್ಕಿದ್ದರೆ ಮೂರು ತಿಂಗಳು ಉಳಿಯುತ್ತಿದ್ದವು.

ಕೋಚ್ ಎರಡು ದಾರಿ ಇಟ್ಟರು. ಹಿಂದೆ ಕುಳಿತು ರಕ್ಷಣೆಯ ಆಟವಾಡುವ ತಂಡಗಳ ವಿರುದ್ಧ ಅವನನ್ನು ಮೊದಲಿನಿಂದ ವಿಂಗ್‌ನಲ್ಲಿ ಆಡಿಸುವುದು, ಉಳಿದ ಸಮಯ ವಿಂಗ್ ಬ್ಯಾಕ್ (ಅಂಚಿನಲ್ಲಿ ದಾಳಿ, ರಕ್ಷಣೆ ಎರಡನ್ನೂ ಮಾಡುವವನ) ಕೆಲಸ ಕಲಿಸುವುದು. ಅದು ಬೇಡವಾದರೆ ಋತು ಮುಗಿದ ಮೇಲೆ ಬೇರೆ ಕ್ಲಬ್ಬಿಗೆ ಹೋಗಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುವುದು, ಅದಕ್ಕೆ ತಾವು ಅಡ್ಡ ಬರುವುದಿಲ್ಲ. ಕೊಯ್ಲು ಮುಗಿಯುವ ತನಕ ಅವನು ತಡವಾಗಿ ಬರಬಹುದು, ಐದು ಸುತ್ತು ಇಲ್ಲ. ಬದಲಿಗೆ ಭಾನುವಾರ ಅರ್ಧ ಗಂಟೆ ಮೊದಲು ಬಂದು ಲೆಫ್ಟ್ ಬ್ಯಾಕ್ ಜೊತೆ ಇಬ್ಬರೇ ಅಭ್ಯಾಸ ಮಾಡಬೇಕು. ಹುಡುಗ ತಂದೆಯನ್ನು ಕೇಳಿ ಹೇಳುತ್ತೇನೆ ಎಂದ. ಮರುದಿನ ಮೊದಲನೆಯ ದಾರಿಗೆ ಒಪ್ಪಿದ.

ಕ್ಲಬ್ಬಿನಲ್ಲಿ ಒಂದು ನಿಯಮವೂ ಬಂತು. ಪಂದ್ಯದ ಪಟ್ಟಿ ಗೋಡೆಗೆ ಅಂಟುವ ಮೊದಲು, ಹಿಂದಿನ ಪಂದ್ಯದಲ್ಲಿ ಆಡಿ ಈಗ ಹೊರಗುಳಿದವರನ್ನು ಕೋಚ್ ಪ್ರತ್ಯೇಕವಾಗಿ ಕರೆದು ಕಾರಣ ಹೇಳುತ್ತಾರೆ. ಅಧ್ಯಕ್ಷರು ಆಟಗಾರರ ಆಯ್ಕೆಯ ಬಗ್ಗೆ ಕೋಚ್‌ಗೆ ಫೋನ್ ಮಾಡುವುದಿಲ್ಲ ಎಂದು ಸಮಿತಿಯ ಪುಸ್ತಕದಲ್ಲಿಯೇ ಬರೆದು ಸಹಿ ಹಾಕಿದರು. ಹಾಕಿದವರು ಅಧ್ಯಕ್ಷರೇ, ಅವರ ದೊಡ್ಡತನ.

ಇದರಿಂದ ಎಲ್ಲವೂ ಸರಿಹೋಗಲಿಲ್ಲ. ಫೆಬ್ರವರಿಯ ಕೊನೆಯ ಪಂದ್ಯದಲ್ಲಿ ತಂಡ 0–1ರಿಂದ ಸೋತಿತು. ಹುಡುಗ ಪೂರ್ತಿ ತೊಂಬತ್ತು ನಿಮಿಷ ಬೆಂಚಿನಲ್ಲಿ ಕುಳಿತಿದ್ದ. ಕೊನೆಯ ಅರ್ಧ ಗಂಟೆ ಎದುರಾಳಿಗಳು ತಮ್ಮ ಆವರಣದ ಸುತ್ತ ಹತ್ತು ಜನರನ್ನು ನಿಲ್ಲಿಸಿಕೊಂಡಿದ್ದರು. ಒಳಗೆ ತಿರುಗುವವರಿಗೆ ಅಲ್ಲಿ ಜಾಗವೇ ಇರಲಿಲ್ಲ, ಗೋಲ್‌ಲೈನ್ ತನಕ ಹೋಗಿ ಕ್ರಾಸ್ ಕೊಡುವವನೇ ಬೇಕಿತ್ತು. ಕೋಚ್ ಅಂದು ತಪ್ಪು ಮಾಡಿದರು ಎಂದು ನಾನು ಅವರಿಗೆ ಹೇಳಿದೆ. ಕ್ರಾಸ್‌ಗೆ ತಲೆ ಕೊಡುವ ಎತ್ತರದವನು ತಂಡದಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದರು. ಈ ವಿಷಯದಲ್ಲಿ ನಮಗಿಬ್ಬರಿಗೂ ಇನ್ನೂ ಒಮ್ಮತವಿಲ್ಲ. ಹುಡುಗನಿಗೆ ಹಿಂದಿನ ಸಂಜೆಯೇ ಕಾರಣ ತಿಳಿದಿತ್ತು, ಪಂದ್ಯ ಮುಗಿದ ಮೇಲೆ ನೀರಿನ ಬಾಟಲಿಗಳನ್ನು ಗಾಡಿಗೆ ತುಂಬಿಸಿದವನೂ ಅವನೇ. ಮೇ ತಿಂಗಳಲ್ಲಿ ಬೆಂಗಳೂರಿನ ಕ್ಲಬ್ಬೊಂದು ಆಯ್ಕೆ ನಡೆಸಿದಾಗ ಅವನು ಎನ್‌ಒಸಿ ಕೇಳಿದ. ಕೋಚ್ ಅದೇ ದಿನ ಸಹಿ ಮಾಡಿ, ಯಾವ ಜಾಗಕ್ಕೆ ಹೋಗುತ್ತೀಯ ಎಂದು ಕೇಳಿದರಂತೆ. ಅರ್ಜಿಯಲ್ಲಿ ಅವನು ಬರೆದಿದ್ದದ್ದು ಲೆಫ್ಟ್ ವಿಂಗ್ ಬ್ಯಾಕ್.